ನಷ್ಟ: ಇಲ್ಲ

ಸಂಜೆ ಆರಕ್ಕೆ ನನ್ನ ಪಾಳಿ.
ಮಾಲ್ದಾರೆ ಗೇಟಿನ ಪಕ್ಕ ತಗಡಿನ ಕೋಣೆ,
ಒಂದು ಫೋನು, ಒಂದು ರಿಜಿಸ್ಟರು.
ಕೆಲಸ ಇಷ್ಟೇ: ಕುಳಿಯ ಕತ್ತಲಿನಿಂದ ಕರೆ ಮಾಡುತ್ತಾನೆ,
ನಾನು ನಾನೂರು ಮಂದಿಗೆ ಒಂದೇ ಸಲ ಒತ್ತುತ್ತೇನೆ:
"ಹಿಂಡು. ಏಳು, ಎರಡು ಮರಿ. ಕೆರೆ ಏರಿಯಿಂದ
ಲೈನ್‌ಮನೆ ಕಡೆಗೆ. ಯಾರೂ ಹೊರಗೆ ಬರಬೇಡಿ."
ಆಮೇಲೆ ಕಾಯುವುದು.
ಆಮೇಲೆ ಕೊನೆಯ ಕಾಲಮ್ಮಿನಲ್ಲಿ
ಬರೆದೂ ಬರೆದೂ ಸವೆದುಹೋದ ಎರಡು ಪದ:
ನಷ್ಟ ಇಲ್ಲ.

ನಿನ್ನೆ ಮಾತ್ರ ಕರಡಿಗೋಡಿನ ಕಾಲೇಜು ಹುಡುಗಿ ಫಸೀಲ
ಅದೇ ಗುಂಪಿಗೆ ಹಾಕಿಬಿಟ್ಟಳು:
"ರಾತ್ರಿ ಒಂದು ನಲವತ್ತಕ್ಕೆ ಒಂದು ಕಲ್ಲು
ಭೂಮಿಯ ಪಕ್ಕದಲ್ಲೇ ಹಾದುಹೋಗುತ್ತದೆ.
ಹನ್ನೊಂದು ಆನೆ ಸಾಲಾಗಿ ನಿಂತಷ್ಟು ಉದ್ದ.
ದೂರ, ಚಂದ್ರನಿಗಿರುವ ದಾರಿಯ ಕಾಲು ಭಾಗ."

ಉತ್ತರಗಳು ಸುರಿದವು.
ಯಾವ ತೋಟದ ಕಡೆಯಿಂದ?
ಒಂಟಿಯೋ, ಹಿಂಡೋ?
ನಾಳೆ ಮೆಣಸು ಕುಯ್ಯುವುದುಂಟೋ, ರಜೆಯೋ?
ಎಂಬತ್ತೆರಡರ ಚೀಯಣ್ಣ ಮಾವ ದನಿ ಕಳಿಸಿದರು,
ಹಿಂದೆ ಕೋಳಿಗಳ ಗಲಾಟೆ:
"ಕೋವಿಗೆ ಸಿಗುವಷ್ಟು ಹತ್ತಿರವಾ, ಮಗಳೇ?"

ಆನೆ ಬಿಟ್ಟು ಬೇರೆ ಮಾತು ಕೂಡದು, ಗುಂಪಿನ ನಿಯಮ.
ಅಳಿಸಬೇಕಿತ್ತು ನಾನು. ಅಳಿಸಲಿಲ್ಲ.

ನಮ್ಮ ಹೆಣ್ಣಾನೆಗೆ ಕೊರಳಲ್ಲಿ ಕಾಲರ್ ಉಂಟು,
ಗಂಟೆಗೊಮ್ಮೆ ಪರದೆಯ ಮೇಲೊಂದು ಚುಕ್ಕೆ.
ಈ ಕಲ್ಲಿಗೇನುಂಟು? ಫಸೀಲಳನ್ನು ಕೇಳಿದೆ.
ಒಂದು ಇಸವಿ, ಎರಡಕ್ಷರ, ಒಂದು ಅಂಕಿ,
ಅಷ್ಟೇ ಹೆಸರು ಅಕ್ಕ.
ಯಾರೋ ಎಲ್ಲೋ ಬೆಟ್ಟದ ತುದಿಯಲ್ಲಿ ಕೂತು
ಒಂದೇ ಜಾಗದ ಪಟವನ್ನು ನಾಲ್ಕು ಸಲ ತೆಗೆದು
ಅಲುಗಿದ ಚುಕ್ಕೆ ಹುಡುಕುತ್ತಾರಂತೆ.
ಕುಳಿಯನೂ ಹಾಗೆಯೇ. ಕಾಫಿ ಗಿಡ ನೋಡುವುದಿಲ್ಲ ಅವನು,
ಗಾಳಿಯಿಲ್ಲದೆ ಅಲುಗಿದ ಗಿಡ ನೋಡುತ್ತಾನೆ.

"ಸೂರ್ಯನ ಕಡೆಯಿಂದ ಬರುವವು ಮಾತ್ರ
ಕಾಣುವುದಿಲ್ಲ," ಅಂದಳು. "ಬೆಳಕೇ ಅಡ್ಡ."

ಸುಮ್ಮನಾದೆ.
ಹೋದ ವರ್ಷ ಫೆಬ್ರವರಿ, ಬೆಳಗ್ಗೆ ಎಂಟೂಕಾಲು,
ಬುತ್ತಿ ಹಿಡಿದು ಇಬ್ಬನಿಯಲ್ಲಿ ನಡೆದ ಚೋಮಿ.
ಎದುರು ಬಿಸಿಲು.
ಬಿಸಿಲಿನೊಳಗೆ ಒಂಟಿ ಸಲಗ.
ನನ್ನ ಪಾಳಿ ಆರಕ್ಕೇ ಮುಗಿದಿತ್ತು.
ಆ ಪುಟದ ಕೊನೆಯ ಕಾಲಮ್ಮಿನಲ್ಲಿರುವುದು
ಬೇರೆಯವರ ಕೈಬರಹ.

ಒಂದು ಮೂವತ್ತೈದಕ್ಕೆ ಹೊರಗೆ ಬಂದೆ.
ಮೊನ್ನೆಯ ಹೂಮಳೆಗೆ ತೋಟವೆಲ್ಲ ಬಿಳಿ,
ಪರಿಮಳಕ್ಕೆ ತಲೆನೋವು ಬರುವಷ್ಟು.
ಕುಳಿಯ ಬೀಡಿಯ ಕಿಡಿಯನ್ನು ಅಂಗೈಯಲ್ಲಿ ಮುಚ್ಚಿ
ಜೀಪಿಗೆ ಒರಗಿದ್ದ. ಮೇಲೆ ನೋಡಿದೆವು.
ಸಿಲ್ವರ್ ಮರಗಳ ನಡುವೆ ಇದ್ದಷ್ಟೇ ಆಕಾಶ.
ಏನೂ ಅಲುಗಲಿಲ್ಲ. ನಾಯಿಯೂ ಬೊಗಳಲಿಲ್ಲ.
"ಹೋಯಿತಾ?" ಅಂದ.
"ಹೋಗಿರಬೇಕು."
"ಲದ್ದಿಯಿಲ್ಲ, ಹೆಜ್ಜೆಯಿಲ್ಲ. ಹೇಗೆ ನಂಬುವುದು?"

ಗದ್ದೆಯ ಆಚೆ, ಅರ್ಧಕ್ಕಿಂತ ತುಸು ತುಂಬಿದ ಚಂದ್ರ
ಮುಳುಗುವುದರಲ್ಲಿದ್ದ.
ಇಲಾಖೆಯ ದುರ್ಬೀನು ಅವನ ಕೈಗಿಟ್ಟೆ:
ಅಲ್ಲಿ ನೋಡು ಹೆಜ್ಜೆ.
ನಾಟಿಯಾದ ಗದ್ದೆಗೆ ಇರುಳು ಹಿಂಡು ಇಳಿದ ಹಾಗೆ
ಗುಂಡಿಯ ಮೇಲೆ ಗುಂಡಿ.
ಬಹಳ ಹೊತ್ತು ನೋಡಿದ, ಕಸುಬಿನವನ ಕಣ್ಣಲ್ಲಿ.
"ಹಳೆಯದು," ಅಂದ. "ಅಂಚು ಸವೆದಿದೆ."

ಒಳಗೆ ಬಂದು ಬರೆಯತೊಡಗಿದೆ:
ಒಂದು ನಲವತ್ತು. ಒಂಟಿ. ಕಾಲರ್ ಇಲ್ಲ.
ಕಂಡವರು: ಯಾರೂ ಇಲ್ಲ.
ನಷ್ಟ
ಅನ್ನುವಷ್ಟರಲ್ಲಿ ಫೋನು ನಡುಗಿತು.
ಗುಹ್ಯದ ಕಡೆ, ಬೈನೆ ಮರದ ಬುಡದಲ್ಲಿ ಮೂರು,
ಲೈನ್‌ಮನೆಗೆ ಇಪ್ಪತ್ತೇ ಮಾರು.
ಜೀಪು ದೀಪ ಹಚ್ಚದೆ ಹೊರಟಿತು.
ನಾನೂರು ಮಂದಿಗೆ ಒತ್ತಿ
ಕೂತೆ, ಪೆನ್ನಿನ ಮುಚ್ಚಳ ಹಾಕದೆ.